ಮೂರನೆಯ ಗುಂಡಿ

ಹೆಸರು ಹೇಳಿದರೆ ನೊಂದುಕೊಳ್ಳುವಂಥ ಒಂದು ಪಟ್ಟಣ. ಅಲ್ಲಿಗೆ ಒಮ್ಮೆ ವಿಡಿಯೊದವನೊಬ್ಬ ಬಂದು ಹಳೆಯ ಹತ್ತಿ ಗೋದಾಮಿನಲ್ಲಿ ಕುರ್ಚಿ ಹಾಕಿಸಿದ. ಪ್ರತಿ ಕುರ್ಚಿಯ ಮುಂದೆ ಒಂದು ಪುಟ್ಟ ಟಿವಿ, ಅದರ ಕೆಳಗೆ ಮೂರು ಗುಂಡಿ. ಕತೆ ಒಂದೇ, ಅದರೊಳಗಿನ ಮೂವರಲ್ಲಿ ಯಾರ ಗುಂಡಿ ಒತ್ತಿದರೆ ಅವರ ಕಣ್ಣಿನಿಂದ ಕಾಣುತ್ತಿತ್ತು. ಆ ಸೀಮೆಯಲ್ಲಿ ಅಂಥದನ್ನು ಯಾರೂ ಕಂಡಿರಲಿಲ್ಲ.

ಕತೆ ಆ ಊರಿನದೇ. ಹತ್ತು ವರ್ಷದ ಹಿಂದೆ ಶಾಲೆಯ ಬೆಳ್ಳಿ ತಟ್ಟೆ ಕಾಣೆಯಾಗಿತ್ತು. ಕಸ ಗುಡಿಸುವ ದುರಗವ್ವನೇ ಕದ್ದಳೆಂದು ಶಾಲಾ ಕಮಿಟಿಯ ಚೇರಮನ್ನರು ಅವಳನ್ನು ಕೋಣೆಗೆ ಕರೆಸಿ ಕೆಲಸದಿಂದ ತೆಗೆದರು. ಊರು ಅವಳನ್ನು ಕೆರೆಯಾಚೆಗೆ ಅಟ್ಟಿತು. ವಿಡಿಯೊದವನು ಚೇರಮನ್ನರನ್ನು, ಅಂದು ಅದೇ ಕೋಣೆಯಲ್ಲಿದ್ದ ಟೀಚರು ನೀಲಾಂಬಿಕೆ ಅಕ್ಕೋರನ್ನು, ಕೆರೆಯಾಚೆ ಹೋಗಿ ದುರಗವ್ವನನ್ನೂ ಕೇಳಿ, ಅವರವರು ಹೇಳಿದಂತೆಯೇ ನಟರಿಂದ ಆಡಿಸಿದ್ದ.

ತಟ್ಟೆ ಎಲ್ಲಿತ್ತೆಂಬುದು ಅಕ್ಕೋರಿಗೆ ಗೊತ್ತಿತ್ತು. ದುರಗವ್ವನನ್ನು ತೆಗೆಯುವ ಮೊದಲೇ, ಚೇರಮನ್ನರ ಮಗಳ ನಿಶ್ಚಯದಲ್ಲಿ ಅದರಲ್ಲೇ ಎಲೆ ಅಡಿಕೆ ಇಟ್ಟು ಅಕ್ಕೋರ ಮುಂದೆ ಹಿಡಿದಿದ್ದರು. ಆದರೂ ವಿಡಿಯೊದವನಿಗೆ, "ನಾ ನೋಟ್‌ಬುಕ್ ತಿದ್ದತಿದ್ದೆ. ಅಲ್ಲಿ ಏನ್ ನಡೀತೋ ನನಗ ತಿಳೀಲಿಲ್ಲ" ಎಂದಿದ್ದರು.

ಮೊದಲ ದಿನಗಳಲ್ಲಿ ಜನ ಚೇರಮನ್ನರ ಗುಂಡಿಯನ್ನೇ ಒತ್ತಿದರು. ಅಕ್ಕೋರು ತಮ್ಮದನ್ನೇ ಒತ್ತಿಕೊಂಡು, ಕೆಲಸದಲ್ಲಿ ಮುಳುಗಿದ ಒಬ್ಬ ಸಾಧು ಹೆಂಗಸನ್ನು ನೋಡಿ ಹಗುರಾಗಿ ಮನೆಗೆ ಹೋಗುತ್ತಿದ್ದರು. ಒಂದು ಸಂಜೆ ಕೈ ತಾನಾಗಿ ಮೂರನೆಯದಕ್ಕೆ ಹೋಯಿತು.

ಟಿವಿಯಲ್ಲಿ ದುರಗವ್ವನ ಕಣ್ಣು ಚೇರಮನ್ನರ ಕಡೆ ತಿರುಗಲೇ ಇಲ್ಲ. ಅಷ್ಟು ಹೊತ್ತೂ ಅಕ್ಕೋರನ್ನೇ ನೋಡುತ್ತಿತ್ತು. "ಅಕ್ಕೋರ, ನೀವರ ಹೇಳ್ರಿ" ಎಂದಳು. ಅಕ್ಕೋರು ತಲೆ ಎತ್ತಲಿಲ್ಲ. ಪೆನ್ನು ಹಾಳೆಯ ಮೇಲೆ ಓಡುತ್ತಿತ್ತು. ಪೆನ್ನಿನ ಕ್ಯಾಪು ತೆಗೆದಿರಲಿಲ್ಲ.

ಅದನ್ನೂ ಅವಳು ನೋಡಿದ್ದಳು! ನೋಡಿ, ಹತ್ತು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಅಕ್ಕೋರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು.

ಪಕ್ಕದವರು ಅವರು ಅಳುವುದನ್ನು ಕಂಡು ತಾವೂ ಮೂರನೆಯದನ್ನು ಒತ್ತಿದರು. ವಾರದೊಳಗೆ ಊರಿಗೆ ಊರೇ ಅದನ್ನು ಒತ್ತಿ ಅಳತೊಡಗಿತು. ಚೇರಮನ್ನರೂ ಬಂದು ಕರವಸ್ತ್ರ ಒದ್ದೆ ಮಾಡಿಕೊಂಡರು. ಎಲ್ಲಕ್ಕಿಂತ ಮೊದಲು ಅತ್ತವರೆಂದು ಅಕ್ಕೋರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಕೊಟ್ಟರು. ನಿಜ ಹೇಳಬೇಕೆಂದು ಅಕ್ಕೋರು ದಿನವೂ ಹೊರಡುತ್ತಿದ್ದರು. ದಿನವೂ ಅತ್ತು ಮರಳುತ್ತಿದ್ದರು.

ಒಂದು ಸಂಜೆ ಬಾಗಿಲಲ್ಲಿ ಕಾವಲಿನವನೊಡನೆ ಯಾರೋ ಮಾತಾಡುವುದು ಕೇಳಿಸಿತು.

"ನನ್ನ ಕತಿ ಅಂತ, ಒಂದೀಟು ನೋಡ್ತೀನ್ರೀ."

"ಒಳಗ ದೊಡ್ಡ ಮಂದಿ ಕುಂತಾರ. ನಿನ್ನ ಬಿಟ್ಟರ ನಾಳೆ ಏನರ ಕಾಣಿ ಆದೀತು. ನಡಿ, ನಡಿ."

ಅಕ್ಕೋರು ಆ ದನಿ ಗುರುತಿಸಿದರು. ಎದ್ದು ನಿಂತರು. ಕುರ್ಚಿ ಸರಿದ ಸದ್ದಿಗೆ ಪಕ್ಕದವರು ತಿರುಗಿ ನೋಡಿದರು.

"ಕೂಡ್ರಿ ಅಕ್ಕೋರ," ಎಂದರು ಚೇರಮನ್ನರು, ಕಣ್ಣೊರೆಸಿಕೊಳ್ಳುತ್ತ. "ದುರಗವ್ವ ಅಳೂ ಭಾಗ ಬಂತು."

ಹೊರಗಿನ ಗದ್ದಲ ಕೇಳಬಾರದೆಂದು ಯಾರೋ ಬಾಗಿಲು ಎಳೆದುಕೊಂಡರು. ಅಕ್ಕೋರು ಕೂತರು.