ರೋವೀನಾ ಕೇಳಿದ ಪರವಾನಗಿ

ಟ್ಯಾಮರಾಕ್ ಕಣಿವೆಯ ಜನ ಒಂದು ತಮಾಷೆ ಮಾಡುತ್ತಿದ್ದರು. ಪೊಲೀಸ್ ಮುಖ್ಯಸ್ಥ ಶೆರಿಫ್‌ಗೆ ಫೋನ್ ಮಾಡಿ ಒಲೆಯ ಮೇಲೆ ಬೀನ್ಸ್ ಇಟ್ಟರೆ, ಅವರ ಗಾಡಿ ಬರುವಷ್ಟರಲ್ಲಿ ಅದು ಬೆಂದು, ಆರಿ, ತಣ್ಣಗಾಗಿರುತ್ತದಂತೆ. ಇಡೀ ಕಣಿವೆಗೆ ಒಂದೇ ಗಾಡಿ, ಒಬ್ಬನೇ ಅಧಿಕಾರಿ. ಈಗ ಐಡಾಳ ಎದುರು ಆ ಮಾತನ್ನು ಯಾರೂ ಆಡುವುದಿಲ್ಲ.

ರೋವೀನಾ ಐಡಾಳ ಒಬ್ಬಳೇ ಮಗಳು. ಊರಿನ ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸಿ, ಉಣ್ಣಿಸಿ, ಮಲಗಿಸುವ ಕೆಲಸ ಅವಳದು. ಗಂಡ ಡ್ವೇನ್ ಹೊಡೆಯುತ್ತಿದ್ದ. ಅವಳ ಮುಂಗೈ ಮುರಿದ ದಿನ ಅವಳು ತಾಯಿಯ ಮನೆಗೆ ಬಂದುಬಿಟ್ಟಳು. ಇವಳ ಹತ್ತಿರ ಸುಳಿಯಕೂಡದೆಂದು ನ್ಯಾಯಾಲಯ ಡ್ವೇನನಿಗೆ ಆದೇಶ ಕೊಟ್ಟಿತು. ಆದರೂ ಸಂಜೆಯಾದರೆ ಅವನ ಪಿಕಪ್ ಗಾಡಿ ರಸ್ತೆಯಂಚಿನಲ್ಲಿ ನಿಂತಿರುತ್ತಿತ್ತು. ಫೋನ್ ಮಾಡಿದರೆ, ಅಧಿಕಾರಿ ಬರುವ ಹೊತ್ತಿಗೆ ಅಲ್ಲಿ ಗಾಡಿಯೂ ಇಲ್ಲ, ಅವನೂ ಇಲ್ಲ.

ಒಂದು ದಿನ ರೋವೀನಾ ಹೇಳಿದಳು, "ಅಮ್ಮ, ನಾನೊಂದು ಪಿಸ್ತೂಲು ಇಟ್ಕೋತೀನಿ."

"ಆ ಶನಿ ಈ ಮನೆಗೆ ಬೇಡ," ಎಂದಳು ಐಡಾ. "ನಿಮ್ಮಪ್ಪ ಹೋದ್ಮೇಲೆ ಅವರ ಬೇಟೆ ಬಂದೂಕನ್ನೂ ಮಾರಿಬಿಟ್ಟೆ. ಕೋರ್ಟಿನ ಆದೇಶ ಇದೆಯಲ್ಲ?"

ಪಕ್ಕದ ಮನೆಯ ಮೇವಿಸ್ ಅಲ್ಲೇ ಕೂತು ಸೇಬು ಹೆಚ್ಚುತ್ತಿದ್ದಳು. ಬಂದೂಕನ್ನು ಸುರಕ್ಷಿತವಾಗಿ ಬಳಸುವುದು ಹೇಗೆಂದು ಊರವರಿಗೆ ಕಲಿಸುತ್ತಿದ್ದವಳು ಅವಳೇ.

"ಆದೇಶ ಕಾಗದ ಕಣೇ ಐಡಾ. ಕುಡಿದವನಿಗೆ ಕಾಗದ ಕಾಣುತ್ತಾ?"

"ಪಿಸ್ತೂಲು ಇದ್ದರೆ ಕೇಡು ಹತ್ತಿರ ಬರುತ್ತೆ ಅಂತ ನನ್ನ ಹೆದರಿಕೆ."

"ನಿನ್ನ ಹೆದರಿಕೆ ಸುಳ್ಳಲ್ಲ. ಅದಕ್ಕೇ ಮೊದಲು ಕಲೀಬೇಕು, ಆಮೇಲೆ ಕೊಳ್ಳಬೇಕು. ಮನೇಲಿ ಬೀಗದ ಪೆಟ್ಟಿಗೇಲಿ ಇಡಬೇಕು. ಬಳಸೋ ಹೊತ್ತು ಬರದೇ ಇರಲಿ ಅಂತ ಬೇಡ್ಕೋಬೇಕು. ಆದರೆ ಅವಳು ಒಬ್ಬಳೇ ಇರುವಾಗ ಅವನು ಬಾಗಿಲು ಒಡೆದರೆ ಅವಳೇನು ಮಾಡ್ಬೇಕು ಹೇಳು?"

ರೋವೀನಾ ಮೇವಿಸಳ ಬಳಿ ಶ್ರದ್ಧೆಯಿಂದ ಕಲಿತಳು. ಆ ರಾಜ್ಯದಲ್ಲಿ ಪರವಾನಗಿ ಇಲ್ಲದೆ ಯಾವ ಬಂದೂಕನ್ನೂ ಇಟ್ಟುಕೊಳ್ಳುವಂತಿಲ್ಲ. ಅವಳು ಅರ್ಜಿ ಹಾಕಿದಳು, ಬೆರಳಚ್ಚು ಕೊಟ್ಟಳು, ಕಾದಳು. ಬೇಸಿಗೆ ಕಳೆಯಿತು. ಕೊನೆಗೆ ತಾಯಿಯನ್ನು ಕರೆದುಕೊಂಡು ಕೌಂಟಿಯ, ಎಂದರೆ ಜಿಲ್ಲೆಯ, ಕಚೇರಿ ಕಿಟಕಿಗೆ ಹೋದಳು.

"ಸಾಹೇಬರ ಮೇಜಿನ ಮೇಲಿದೆ," ಎಂದ ಗುಮಾಸ್ತ.

"ಇಷ್ಟು ದಿನದೊಳಗೆ ಕೊಡಬೇಕು ಅಂತ ಕಾನೂನಲ್ಲಿ ಗಡುವಿದೆಯಲ್ಲ?" ಎಂದಳು ರೋವೀನಾ.

"ಗಡುವಿದೆ, ಅಮ್ಮ. ಮೀರಿದ್ರೆ ಏನು ಅಂತ ಬರೆದಿಲ್ಲ."

ರೋವೀನಾ ಜಗಳವಾಡಲಿಲ್ಲ. ಕಾರಿನಲ್ಲಿ ಕೂತ ಮೇಲೆ, "ಮೇವಿಸ್ ಆಂಟೀದೇ ಒಂದು ಕೇಳಿ ತಂದಿಟ್ಕೊಳ್ಳಲಾ?" ಎಂದಳು. ಮರುಕ್ಷಣವೇ ತಲೆಯಾಡಿಸಿ, "ಬೇಡ. ಅವರೂ ಜೈಲಿಗೆ ಹೋಗ್ತಾರೆ, ನಾನೂ ಹೋಗ್ತೀನಿ," ಎಂದಳು.

ಎಲೆಗಳು ಕೆಂಪಾಗುವ ಕಾಲ. ಒಂದು ಮಧ್ಯಾಹ್ನ ಐಡಾ ಬ್ರೆಡ್ಡು, ಹಾಲು ತರಲು ಪೇಟೆಗೆ ಹೋಗಿದ್ದಳು. ಡ್ವೇನ್ ಹಿತ್ತಿಲ ಬಾಗಿಲಿಗೆ ಬಂದ. ರೋವೀನಾ ಶೆರಿಫ್‌ಗೆ ಫೋನ್ ಮಾಡಿದಳು. ಆ ಒಬ್ಬನೇ ಅಧಿಕಾರಿ ಕಣಿವೆಯ ಆ ತುದಿಯಲ್ಲಿ, ಜಿಂಕೆಗೆ ಗುದ್ದಿ ಮಗುಚಿದ ಲಾರಿಯ ಬಳಿ ಇದ್ದ. ತಕ್ಷಣ ಹೊರಟ. ಆದರೆ ದಾರಿ ದೂರವಿತ್ತು, ಡ್ವೇನನ ಕೈಯಲ್ಲಿ ಚಾಕು ಇತ್ತು. ಐಡಾ ಮನೆಯ ತಿರುವಿಗೆ ಬಂದಾಗ ಅಧಿಕಾರಿಯ ಗಾಡಿ ಗೇಟಿನಲ್ಲಿ ಅಡ್ಡ ನಿಂತಿತ್ತು. ಅವನು ಅವಳನ್ನು ಒಳಗೆ ಬಿಡಲಿಲ್ಲ. ಅವಳ ಎರಡೂ ಕೈ ಹಿಡಿದುಕೊಂಡು, ತಾನೂ ಅತ್ತ.

ಮಗಳನ್ನು ಮಣ್ಣು ಮಾಡಿದ ಮೇಲೆ, ಇನ್ನೂ ನೆಂಟರು ತಂದ ಊಟದ ಪಾತ್ರೆಗಳು ಮೇಜಿನ ಮೇಲಿರುವಾಗಲೇ, ಫೋನ್ ಬಂತು.

"ರೋವೀನಾ ಅವರ ಮನೇನಾ? ಪರವಾನಗಿ ಸಿದ್ಧವಾಗಿದೆ. ಬಂದು ತಗೊಂಡು ಹೋಗಕ್ಕೆ ಹೇಳಿ."

"ಅವಳು ಬರಲ್ಲ," ಎಂದು ಐಡಾ ಫೋನ್ ಇಟ್ಟಳು.

ಚಳಿಗಾಲ ಹಿಡಿಯಿತು. ಒಂದು ಶನಿವಾರ ಬೆಳಿಗ್ಗೆ ಮೇವಿಸ್ ಬಂದಳು.

"ಅಗ್ನಿಶಾಮಕ ಠಾಣೇಲಿ ಊರವರಿಗೆಲ್ಲ ಪ್ಯಾನ್‌ಕೇಕ್ ಊಟ ಇದೆ. ಶಾಸಕ ವಿಟ್‌ಲಾಕ್ ಬರ್ತಾನೆ. ಕೋಟು ಹಾಕ್ಕೋ."

"ಅವನ ಮುಖ ನೋಡಿ ನನಗೇನಾಗಬೇಕು? ಎಲ್ಲರೂ ಒಂದೇ ಗಾಣದ ಎತ್ತುಗಳು."

"ನೀನು ಅವನಿಗೇ ಓಟು ಹಾಕಿದ್ದೆ."

"ಹಾಕಿದ್ದೆ. ಚುನಾವಣೆ ಹೊತ್ತಲ್ಲಿ, ಬೇಟೆ ಬಂದೂಕು ಹಿಡ್ಕೊಂಡು ನಿಂತ ಫೋಟೋ ಮನೆಮನೆಗೂ ಕಳಿಸಿದ್ದ. ನಮ್ಮವನು ಅಂದ್ಕೊಂಡೆ."

ಮೇವಿಸ್ ಕುರ್ಚಿ ಎಳೆದು ಕೂತಳು. "ಕೇಳು ಹಾಗಾದ್ರೆ. ಹೋದ ವಸಂತದಲ್ಲಿ ಒಂದು ಮಸೂದೆ ಬಂದಿತ್ತು. ಗಡುವು ಮೀರಿದರೆ, ಕೋರ್ಟಿನ ರಕ್ಷಣೆ ಪಡೆದವರಿಗೆ ತಕ್ಷಣ ತಾತ್ಕಾಲಿಕ ಪರವಾನಗಿ ಕೊಡಲೇಬೇಕು ಅಂತ. ಒಂದೇ ಒಂದು ಓಟು ಸಾಲದೆ ಸೋತಿತು. ವಿಟ್‌ಲಾಕ್ ಅವತ್ತು ಶಾಸನಸಭೆಗೇ ಹೋಗಿರಲಿಲ್ಲ."

"ನಿನಗೆ ಯಾರು ಹೇಳಿದ್ರು?"

"ಯಾರೂ ಗುಟ್ಟು ಹೇಳಲಿಲ್ಲ ಕಣೇ. ಯಾರು ಯಾವ ಕಡೆ ಓಟು ಹಾಕಿದ್ರು ಅಂತ ಸಭೆಯವರೇ ಊರಿಗೆಲ್ಲ ತಿಳಿಸ್ತಾರೆ. ನಾವು ನೋಡಲ್ಲ. ನಾನೂ ಅವಳು ಹೋದ್ಮೇಲೇ ನೋಡಿದ್ದು."

ಐಡಾ ಎದ್ದು ಕೋಟು ಹಾಕಿಕೊಂಡಳು.

ಠಾಣೆಯಲ್ಲಿ ಮೇಪಲ್ ಪಾಕದ ವಾಸನೆ, ನಗು, ಗದ್ದಲ. ಶಾಸಕ ಎಲ್ಲರ ಹೆಗಲು ತಟ್ಟುತ್ತಿದ್ದ. ನಮ್ಮ ಬಂದೂಕಿನ ಹಕ್ಕನ್ನು ಪ್ರಾಣ ಕೊಟ್ಟಾದರೂ ಉಳಿಸುತ್ತೇನೆಂದು ಭಾಷಣ ಮಾಡಿದ. ಪ್ರಶ್ನೆ ಇದ್ದರೆ ಕೇಳಿ ಎಂದ. ಐಡಾ ಎದ್ದಳು.

"ಅಮ್ಮ, ನಿಮ್ಮ ದುಃಖ ನನ್ನ ದುಃಖ. ನಿಮಗಾಗಿ ಪ್ರಾರ್ಥನೆ ಮಾಡ್ತಿದೀವಿ," ಎಂದ ಶಾಸಕ.

"ಪ್ರಾರ್ಥನೆ ಪಾದ್ರಿಗಳು ಮಾಡ್ತಿದಾರೆ. ನಿಮಗೆ ಬೇರೆ ಕೆಲಸ ಕೊಟ್ಟಿದ್ವಿ. ಪರವಾನಗಿ ಮಸೂದೆ ಬಂದ ದಿನ ನೀವೆಲ್ಲಿದ್ರಿ?"

"ಆ ದಿನ ಬೇರೊಂದು ಕಾರ್ಯಕ್ರಮ..."

"ಪೇಪರಲ್ಲಿ ಫೋಟೋ ಬಂದಿತ್ತು," ಎಂದಳು ಮೇವಿಸ್, ಕೂತಲ್ಲಿಂದಲೇ. "ಸರೋವರದ ಹತ್ರ ಮೀನು ಹಿಡ್ಕೊಂಡು ನಿಂತಿದ್ರಿ."

ಶಾಸಕ ಕೆಳಗೆ ನೋಡಿದ. "ಮಸೂದೆ ಹೇಗೂ ಗೆಲ್ಲುತ್ತೆ ಅಂದ್ಕೊಂಡಿದ್ದೆ, ಅಮ್ಮ."

"ನೀವಿದ್ದೀರಿ, ಎಲ್ಲ ನೋಡ್ಕೋತೀರಿ ಅಂತ ನಾವೂ ಅಂದ್ಕೊಂಡಿದ್ವಿ," ಎಂದಳು ಐಡಾ. "ನನ್ನ ಮಗಳು ಕಾನೂನು ಮುರೀಬಾರದು ಅಂತ ಬರಿಗೈಲಿ ಕೂತಿದ್ದಳು. ಕಾನೂನು ಮಾಡೋರು ಮೀನು ಹಿಡೀತಿದ್ರು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಲ್ಲಿ ಮರದ ಮಿಲ್ಲಿನ ಕೆಲಸದವನೊಬ್ಬ ಎದ್ದು, ತನ್ನ ಅಕ್ಕನ ಅರ್ಜಿಯೂ ಅಲ್ಲೇ ಕೊಳೆಯುತ್ತಿದೆ ಎಂದ. ಶೆರಿಫ್‌ಗೆ ಇನ್ನೊಬ್ಬ ಅಧಿಕಾರಿಯನ್ನು ಕೊಡಲು ಯಾಕೆ ಆಗಲಿಲ್ಲ ಎಂದು ಒಬ್ಬ ಮುದುಕಿ ಕೇಳಿದಳು. ಊಟ ಆರಿಹೋಯಿತು, ಪ್ರಶ್ನೆ ಮುಗಿಯಲಿಲ್ಲ.

ಮುಂದಿನ ವಸಂತದಲ್ಲಿ ಮಸೂದೆ ಮತ್ತೆ ಬಂತು. ಕಣಿವೆಯ ಜನ ಬಸ್ಸು ಮಾಡಿಕೊಂಡು ರಾಜಧಾನಿಗೆ ಹೋಗಿ, ಶಾಸನಸಭೆಯ ಮೇಲಂತಸ್ತಿನ ವೀಕ್ಷಕರ ಜಾಗದಲ್ಲಿ ಸಾಲಾಗಿ ಕೂತರು. ವಿಟ್‌ಲಾಕ್ ಒಮ್ಮೆ ತಲೆಯೆತ್ತಿ ನೋಡಿ, ಪರವಾಗಿ ಮತ ಹಾಕಿದ. ಮಸೂದೆ ಗೆದ್ದಿತು. ಮೇವಿಸ್ ಐಡಾಳನ್ನು ತಬ್ಬಿಕೊಂಡಳು. ಐಡಾಳ ಕಣ್ಣಲ್ಲಿ ಸಂತೋಷವಿರಲಿಲ್ಲ. "ಒಂದು ವರ್ಷ ಮೊದಲೇ ಬಂದು ಇಲ್ಲಿ ಕೂರಬೇಕಾಗಿತ್ತು ಕಣೇ," ಎಂದಳು.

ಈಗ ಐಡಾ ತಾನೂ ಮೇವಿಸಳ ಬಳಿ ಬಂದೂಕು ಬಳಸುವುದನ್ನು ಕಲಿತಿದ್ದಾಳೆ. ಅವಳ ಪಿಸ್ತೂಲು ಬೀಗದ ಪೆಟ್ಟಿಗೆಯಲ್ಲಿದೆ. ಅದರ ಮೇಲೆ ಅವಳಿಗೆ ಪ್ರೀತಿಯೇನೂ ಇಲ್ಲ. ಕೌಂಟಿಯ ಸಭೆ ನಡೆದಾಗಲೆಲ್ಲ ಮುಂದಿನ ಸಾಲಿನಲ್ಲಿ ಹೆಣಿಗೆ ಹಿಡಿದು ಕೂರುತ್ತಾಳೆ, ಅಧಿಕಾರಿಗಳು ಅವಳನ್ನು ನೋಡಿಯೇ ಮಾತು ಶುರುಮಾಡುತ್ತಾರೆ.

ಓದಿದವರೇ, ಕೇಳಿದವರೇ, ಓಟು ಹಾಕಿ ಮನೆಗೆ ಹೋಗಿ ಮಲಗಬೇಡಿ. ನೀವು ಆರಿಸಿ ಕಳಿಸಿದವರು ಯಾವುದಕ್ಕೆ ಹೂಂ ಅಂದರು, ಯಾವುದಕ್ಕೆ ಉಹೂಂ ಅಂದರು, ಯಾವ ದಿನ ಕುರ್ಚಿ ಖಾಲಿ ಬಿಟ್ಟರು, ನೋಡಿ. ಅವರು ಊರಿಗೆ ಬಂದಾಗ ಎದ್ದು ನಿಂತು ಕೇಳಿ. ಧ್ವನಿ ನಡುಗಿದರೂ ಪರವಾಗಿಲ್ಲ. ಐಡಾಳ ಧ್ವನಿಯೂ ನಡುಗಿತ್ತು. ಅವಳು ಮಗಳನ್ನು ಮಣ್ಣು ಮಾಡಿದ ಮೇಲೆ ಕೇಳಿದಳು. ನೀವು ಮಕ್ಕಳು ಮನೆಯಲ್ಲಿರುವಾಗಲೇ ಕೇಳಿ.