ಅಕ್ಕ ಸುಮ್ಮನೆ ಕೂತ ದಿನ

ಒಣಗಿದ ಹೊದಿಕೆಯ ಎರಡು ತುದಿ ನಾನು ಹಿಡಿದೆ, ಇನ್ನೆರಡು ಅಕ್ಕ ಹಿಡಿದಳು. ಒಮ್ಮೆ ಕೊಡವಿದೆವು, ಉದ್ದಕ್ಕೆ ಮಡಿಸಿದೆವು, ಹತ್ತಿರ ಬಂದೆವು. ತುದಿಗೆ ತುದಿ ಸೇರುವ ಹೊತ್ತಿಗೆ ಅಕ್ಕ ನನ್ನ ಕೈಯಿಂದ ಹೊದಿಕೆಯನ್ನು ಪೂರ್ತಿ ಎಳೆದುಕೊಂಡು, ಎದೆಗೆ ಒತ್ತಿ, ಉಳಿದ ಮಡಿಕೆಗಳನ್ನು ತಾನೇ ಹಾಕಿ ಕಪಾಟಿನಲ್ಲಿಟ್ಟಳು. ನನ್ನ ಕೈಗಳು ಗಾಳಿಯಲ್ಲೇ ಉಳಿದವು. ಅವಳಿಗೆ ಅದು ಗೊತ್ತೂ ಆಗಲಿಲ್ಲ.

ಅಕ್ಕ ಹುಟ್ಟಿದ್ದೇ ಹಾಗೆ. "ಬೇರೆಯವರ ಕೈಲಿ ಪೊರಕೆ ಕಂಡರೂ ಇವಳಿಗೆ ಕಿತ್ಕೋಬೇಕು" ಎಂದು ಅಮ್ಮ ಹೇಳುತ್ತಿದ್ದಳು. ಕೆಲಸವಷ್ಟೇ ಅಲ್ಲ, ಮಾತನ್ನೂ ಕಿತ್ತುಕೊಳ್ಳುತ್ತಾಳೆ. ನಾನು ಶುರು ಮಾಡಿದ ಮಾತನ್ನು ಮುಗಿಸುವವಳು ಅವಳು. ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟಾಗ ಯಾಕೆ ಬಿಟ್ಟೆ ಎಂದು ಕೇಳಿದವರಿಗೆಲ್ಲ ಉತ್ತರ ಕೊಟ್ಟವಳೂ ಅವಳೇ. ಉತ್ತರ ಸರಿಯಾಗಿಯೇ ಇತ್ತು, ಅದು ಬೇರೆ ಮಾತು.

ಅಕ್ಕ ಶಬ್ದದ ಎಂಜಿನಿಯರು. ಡಾಕ್ಟರೇಟ್ ಮುಗಿಸಿ ಎರಡು ವರ್ಷವಾಗಿತ್ತು. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಇಡುವ ವಾರ್ಡಿಗೆ ಒಮ್ಮೆ ಹೋಗಿ ಬಂದವಳು ಬೇರೆ ಏನನ್ನೂ ಯೋಚಿಸದಂತಾಗಿದ್ದಳು. ಅಲ್ಲಿ ಕೂಸಿನ ಉಸಿರು, ಎದೆಬಡಿತ ಕಾಯುವ ಯಂತ್ರಗಳು ಹಗಲೂ ರಾತ್ರಿ ಕೂಗುತ್ತವಂತೆ. ಬಹಳ ಸಲ ಏನೂ ಆಗಿರುವುದಿಲ್ಲ, ಸುಮ್ಮನೆ ಕೂಗುತ್ತವೆ. ಕೇಳಿ ಕೇಳಿ ನರ್ಸುಗಳ ಕಿವಿ ಜಡ್ಡುಗಟ್ಟುತ್ತದೆ, ಕೂಸುಗಳಿಗೆ ನಿದ್ದೆ ಇರುವುದಿಲ್ಲ. ಆ ಕೂಗನ್ನು ವಾರ್ಡಿನಿಂದ ತೆಗೆದು, ನರ್ಸಿನ ಕೈಪಟ್ಟಿಗೆ ಒಂದು ಸಣ್ಣ ನಡುಕವಾಗಿ ಕಳಿಸಬೇಕು ಎನ್ನುವುದು ಅಕ್ಕನ ಯೋಚನೆ.

ಅವಳ ಸಂಸ್ಥೆಯಲ್ಲಿ ಆ ವರ್ಷ ಹೊಸ ಸಂಶೋಧಕರಿಗೆ ನಾಯಕತ್ವದ ತರಬೇತಿ ಶುರುವಾಯಿತು. ಒಂದೇ ವಿಷಯದವರು ಸೇರುವಂತಿಲ್ಲ. ಬೇರೆ ಬೇರೆ ವಿಭಾಗದವರು ತಂಡ ಕಟ್ಟಬೇಕು, ವರ್ಷದ ಕೊನೆಗೆ ತೀರ್ಪುಗಾರರ ಮುಂದೆ ತಂಡವಾಗಿಯೇ ನಿಲ್ಲಬೇಕು. ಅವರು ಒಪ್ಪಿದರೆ ಮೂರು ವರ್ಷ ಸ್ವಂತ ಕೆಲಸ, ಸ್ವಂತ ಕೋಣೆ. ಒಪ್ಪದಿದ್ದರೆ ಅಕ್ಕ ತನ್ನ ಹಳೇ ಪ್ರೊಫೆಸರರ ಲ್ಯಾಬಿಗೆ ವಾಪಸ್ಸು ಹೋಗಿ ಅವರ ಕೆಲಸ ಮಾಡಬೇಕು. ಕೂಸುಗಳ ವಾರ್ಡಿನ ಮಾತು ಅಲ್ಲಿಗೆ ಮುಗಿದಂತೆ.

ಅಕ್ಕ ತಂಡ ಕಟ್ಟಿದಳು. ಒಬ್ಬರು ಅದೇ ವಾರ್ಡಿನ ಡಾಕ್ಟರು. ಡ್ಯೂಟಿ ಮುಗಿಸಿ ನೇರ ಬರುತ್ತಿದ್ದರು, ಕೂತಲ್ಲೇ ನಿದ್ದೆ ಹೋಗುತ್ತಿದ್ದರು. ಇನ್ನೊಬ್ಬರು ಸಂಖ್ಯಾಶಾಸ್ತ್ರದವರು, ಅವರಿಗೆ ನಾನು ಮನಸ್ಸಿನಲ್ಲೇ ಲೆಕ್ಕದಣ್ಣ ಎಂದು ಹೆಸರಿಟ್ಟೆ. 'ಬಹುಶಃ' ಇಲ್ಲದೆ ಅವರ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಚಹಾ ಬೇಕಾ ಅಂದರೂ "ಬಹುಶಃ ಬೇಕಾಗಬಹುದು" ಎನ್ನುವ ಮನುಷ್ಯ. ಮೂರನೆಯವರು ಸಮಾಜಶಾಸ್ತ್ರದ ಮೇಡಂ. ವಾರ್ಡಿನಲ್ಲಿ ತಾಯಂದಿರ ಪಕ್ಕ ತಿಂಗಳುಗಟ್ಟಲೆ ಕೂತು ಅವರ ಮಾತು ಕೇಳಿದವರು. ಅವರ ಮಾತು ನಿಧಾನ, ನಡುನಡುವೆ ನಿಲ್ಲಿಸಿ ಯೋಚಿಸುತ್ತಿದ್ದರು. ಅಕ್ಕ ಬೆನ್ನ ಹಿಂದೆ ಅವರನ್ನು 'ಕಥೆ ಮೇಡಂ' ಅನ್ನುತ್ತಿದ್ದಳು. ನನ್ನ ಬಾಯಿಗೂ ಅದೇ ಅಂಟಿಕೊಂಡಿತು.

ಇವರಿಗೆ ಕೂರಲು ಜಾಗ ಇರಲಿಲ್ಲ. ಸಂಸ್ಥೆಯಲ್ಲಿ ಒಂದೊಂದು ವಿಭಾಗಕ್ಕೂ ಕೋಣೆಗಳಿದ್ದವು, ನಾಲ್ಕು ವಿಭಾಗ ಸೇರಿದವರಿಗೆ ಇರಲಿಲ್ಲ. ಒಂದು ವಿಭಾಗದವರನ್ನು ಕೇಳಿದರೆ ಇನ್ನೊಂದು ವಿಭಾಗದವರನ್ನು ಕೇಳಿ ಅನ್ನುತ್ತಿದ್ದರು. ಹಾಗಾಗಿ ಶನಿವಾರ ಶನಿವಾರ ನಮ್ಮ ಮನೆಯ ಮುಂದಿನ ಕೋಣೆಯೇ ಅವರ ಕಚೇರಿ. ಆ ಕೋಣೆಯ ಮೂಲೆಯಲ್ಲಿ ನನ್ನ ಹೊಲಿಗೆ ಯಂತ್ರ ಇದೆ. ಅವರು ಇರುವಾಗ ಯಂತ್ರ ತುಳಿದರೆ ಸದ್ದು ಎಂದು ನಾನು ಗುಂಡಿ ಹಚ್ಚುವುದು, ಅಂಚು ಮಡಿಸುವುದು, ಇಂಥ ಕೈಕೆಲಸ ಇಟ್ಟುಕೊಳ್ಳುತ್ತಿದ್ದೆ. ಮಾತಾಡದವಳು ಮೂಲೆಯಲ್ಲಿದ್ದರೆ ಜನ ಬೇಗ ಮರೆಯುತ್ತಾರೆ. ನನಗೂ ಅದೇ ಹಿತ.

ಅಲ್ಲಿಂದ ನೋಡಿದ್ದು ಇಷ್ಟು. ಡಾಕ್ಟರು ಅಕ್ಕನಿಗೆ ಹೇಳುತ್ತಿದ್ದರು, ಲೆಕ್ಕದಣ್ಣನೂ ಅಕ್ಕನಿಗೇ ಹೇಳುತ್ತಿದ್ದರು, ಕಥೆ ಮೇಡಂ ಹೇಳಲು ಹೊರಡುವಷ್ಟರಲ್ಲಿ ಅಕ್ಕನೇ ಹೇಳಿಬಿಡುತ್ತಿದ್ದಳು. ಒಬ್ಬರಿಗೊಬ್ಬರು ಮಾತಾಡಿದ್ದನ್ನು ನಾನು ಕಾಣಲಿಲ್ಲ. ಅವರು ಹೋದ ಮೇಲೆ ಎಲ್ಲರ ಕೆಲಸವನ್ನೂ ಅಕ್ಕ ಮೇಜಿನ ಮೇಲೆ ಹರಡಿಕೊಂಡು ತಿದ್ದುತ್ತಿದ್ದಳು.

ಒಂದು ಶನಿವಾರ ತರಬೇತಿ ಕೊಡುವ ಹಿರಿಯ ಮೇಡಂ ನೋಡಲು ಬಂದರು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಎಲ್ಲರೂ ಹೋದ ಮೇಲೆ ಅಕ್ಕನಿಗೆ ಹೇಳಿದರು:

"ನೀನು ಒಳ್ಳೇ ಕೆಲಸಗಾರ್ತಿ ನೋಡಮ್ಮ. ನಾಯಕಿ ಇನ್ನೂ ಆಗಿಲ್ಲ."

"ಕೆಲಸ ಎಲ್ಲ ಹೊತ್ತಿಗೆ ಸರಿಯಾಗಿ ಆಗ್ತಿದೆಯಲ್ಲ ಮೇಡಂ."

"ಆಗ್ತಿದೆ, ಮಾಡ್ತಿರೋಳು ನೀನೊಬ್ಬಳೇ. ನಾಲ್ಕು ಜನದ ಊಟ ಒಬ್ಬಳೇ ಉಂಡ್ರೆ ಅದಕ್ಕೆ ಸಹಭೋಜನ ಅನ್ನಲ್ಲ, ಹೊಟ್ಟೆಬಾಕತನ ಅಂತಾರೆ."

ಅಕ್ಕ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದಳು. ಆಮೇಲೆ ಮರೆತಳು.

ಮುಂದಿನ ವಾರವೇ ಅದು ನಡೆಯಿತು. ತಾಯಂದಿರ ಬಗ್ಗೆ ಕಥೆ ಮೇಡಂ ಹೇಳುವ ಸರದಿ. "ತಾಯಂದಿರಿಗೆ ಆ ಶಬ್ದ ಅಂದ್ರೆ..." ಎಂದು ಶುರು ಮಾಡಿ, ತಮ್ಮ ರೂಢಿಯಂತೆ ನಿಲ್ಲಿಸಿದರು.

"ಹಿಂಸೆ. ಗೊತ್ತು, ಹಾಕ್ಕೋತೀನಿ" ಎಂದಳು ಅಕ್ಕ. ತನ್ನ ಪಟ್ಟಿಯಲ್ಲಿ ಹಾಕಿಕೊಂಡೂ ಬಿಟ್ಟಳು. ಹಿಂಸೆ, ಹತ್ತಕ್ಕೆ ಎಂಟು ಅಂಕ.

ಕಥೆ ಮೇಡಂ ಆ ಎಂಟನ್ನು ನೋಡಿದರು. "ಎಷ್ಟು ತಿಂಗಳು ಅವರ ಜೊತೆ ಕೂತಿದ್ದೆ. ಎಂಟು ಅಂತ ಮಾಡಿ ಮುಗಿಸಿದ್ರಿ" ಎಂದರು. ದನಿ ಏರಿಸಲಿಲ್ಲ. ಚೀಲ ತೆಗೆದುಕೊಂಡು ಚಪ್ಪಲಿ ಮೆಟ್ಟಿ ಹೋದರು. ಮುಂದಿನ ಶನಿವಾರ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ.

"ಹೋದ್ರೆ ಹೋಗ್ಲಿ, ಅವರ ಭಾಗ ನಾನೇ ಬರೀತೀನಿ" ಅಂದಳು ಅಕ್ಕ. ಡಾಕ್ಟರು ಅವತ್ತು ನಿದ್ದೆ ಹೋಗದೆ ಅಕ್ಕನ ಮುಖವನ್ನೇ ನೋಡುತ್ತಿದ್ದರು. ನಾಳೆ ನನ್ನ ಭಾಗವನ್ನೂ ಇವಳೇ ಬರೆಯುತ್ತಾಳೆ ಎಂದುಕೊಂಡರೋ ಏನೋ.

ಅಷ್ಟರಲ್ಲಿ ವಾರ್ಡಿನಲ್ಲಿ ಕೈಪಟ್ಟಿಯ ಪ್ರಯೋಗ ಶುರುವಾಯಿತು. ಯಂತ್ರಗಳ ಕೂಗು ನಿಂತಿತು. ನರ್ಸುಗಳು ಮೊದಲಿಗಿಂತ ಬೇಗ ಬಂದರು. ಕೂಸುಗಳು ಮಲಗಿದವು. ತಾಯಂದಿರು ಮಾತ್ರ ಮಲಗಲಿಲ್ಲ. ಮೊದಲು ಕುರ್ಚಿಯಲ್ಲಿ ತೂಕಡಿಸುತ್ತಿದ್ದವರು ಈಗ ಘಳಿಗೆಗೊಮ್ಮೆ ಎದ್ದು ಕೂಸು ಮಲಗಿದ ಗಾಜಿನ ಪೆಟ್ಟಿಗೆಗೆ ಮುಖ ಒತ್ತಿ ನೋಡುತ್ತಿದ್ದರು. ಅದರ ಬಾಗಿಲು ತೆರೆದು ಮಗುವಿನ ಎದೆ ಮುಟ್ಟುತ್ತಿದ್ದರು. ಕೂಸುಗಳಿಗೆ ಮತ್ತೆ ಎಚ್ಚರ. ಡಾಕ್ಟರು ಬಂದು ಇದನ್ನು ಹೇಳಿದಾಗ ಅಕ್ಕ ಲೆಕ್ಕದಣ್ಣನ ಕಡೆ ತಿರುಗಿದಳು.

"ಬಹುಶಃ ನಮಗೆ ಗೊತ್ತಿಲ್ಲ" ಎಂದರು ಅವರು.

"ಬಹುಶಃ ಏನು ಬಂತು? ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ" ಎಂದರು ಡಾಕ್ಟರು. "ಗೊತ್ತಿದ್ದವರು ಎದ್ದು ಹೋಗಿದ್ದಾರೆ."

ಮರುದಿನ ಅಕ್ಕ ತಲೆ ಬಾಚಿಕೊಂಡು "ನೀನೂ ಜೊತೆಗೆ ಬಾ" ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ. ಕ್ಷಮೆ ಕೇಳಿ ಅಭ್ಯಾಸವಿಲ್ಲದವರಿಗೆ ಜೊತೆಗೊಬ್ಬರು ಬೇಕಾಗುತ್ತದೆ.

ಕಥೆ ಮೇಡಂ ತಮ್ಮ ವಿಭಾಗದ ಕೋಣೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದರು. "ಕೂತ್ಕೊಳ್ಳಿ, ಇದೊಂದು ಕಟ್ಟು ಮುಗಿಸ್ತೀನಿ" ಎಂದರು. ಕಟ್ಟು ದಪ್ಪಗಿತ್ತು. ಅವರು ಅವಸರ ಮಾಡಲಿಲ್ಲ. ಅಕ್ಕನ ಕಾಲು ಕುಣಿಯುತ್ತಲೇ ಇತ್ತು, ಆದರೆ ಕಾದಳು. ಕೊನೆಯ ಹಾಳೆಯಾದ ಮೇಲೆ ಪೆನ್ನಿಗೆ ಮುಚ್ಚಳ ಹಾಕಿ "ಹೇಳಿ" ಎಂದರು.

"ನಂದು ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ" ಎಂದಳು ಅಕ್ಕ. "ಶಬ್ದ ನಿಲ್ಲಿಸಿದ್ದೀವಿ. ಆದ್ರೆ ತಾಯಂದಿರು ಎದ್ದೆದ್ದು ನೋಡ್ತಾನೇ ಇದ್ದಾರೆ. ಯಾಕೆ ಅಂತ ನಮಗೆ ಯಾರಿಗೂ ಗೊತ್ತಾಗ್ತಿಲ್ಲ."

"ಅವತ್ತು ಅದನ್ನೇ ಹೇಳ್ತಿದ್ದೆ. ತಾಯಂದಿರಿಗೆ ಆ ಶಬ್ದ ಅಂದ್ರೆ..."

ಅಲ್ಲಿಗೆ ನಿಲ್ಲಿಸಿ ಅಕ್ಕನ ಮುಖ ನೋಡಿದರು. ಅಕ್ಕನ ತುಟಿ ತೆರೆಯಿತು, ಮತ್ತೆ ಮುಚ್ಚಿಕೊಂಡಿತು.

"ಧೈರ್ಯ" ಎಂದರು ಕಥೆ ಮೇಡಂ. "ಯಂತ್ರ ಸದ್ದು ಮಾಡ್ತಿದ್ರೆ ನನ್ನ ಮಗೂನ ಯಾರೋ ಕಾಯ್ತಿದ್ದಾರೆ ಅಂತ ಅವರ ನಂಬಿಕೆ. ನೀವು ಅದನ್ನ ತೆಗೆದ್ರಿ. ಈಗ ಅವರೇ ಕಾಯ್ತಿದ್ದಾರೆ."

"ವಾಪಸ್ ಬನ್ನಿ" ಎಂದಳು ಅಕ್ಕ.

"ಬರ್ತೀನಿ. ಆದ್ರೆ ತೀರ್ಪುಗಾರರ ಮುಂದೆ ನಿಮ್ಮ ಶಬ್ದದ ಭಾಗ ನಾನು ಹೇಳ್ತೀನಿ. ನನ್ನ ಭಾಗ ಲೆಕ್ಕದವರು ಹೇಳ್ಲಿ, ಲೆಕ್ಕ ಡಾಕ್ಟರು ಹೇಳ್ಲಿ. ಒಬ್ಬರದ್ದು ಇನ್ನೊಬ್ಬರಿಗೆ ಅರ್ಥ ಆಗದೆ ತಂಡ ಅಂತ ನಿಂತ್ಕೊಂಡ್ರೆ ನಗೆಪಾಟಲು."

"ನಾನು?"

"ನೀವು ನಮ್ಮ ಪರಿಚಯ ಮಾಡಿಕೊಟ್ಟು ಕೂತ್ಕೋಬೇಕು. ನಡುವೆ ಎದ್ರೆ ನಾನು ಅಲ್ಲಿಂದಲೇ ಮನೆಗೆ."

ದಾರಿಯಲ್ಲಿ ಅಕ್ಕ ತಲೆ ತಗ್ಗಿಸಿ ನಡೆದಳು. ಬೀದಿ ತಿರುಗುವಾಗ ಕೇಳಿದಳು: "ನಾನು ಯಾವಾಗ್ಲೂ ಹೀಗೇನಾ?"

"ಹಾಗಲ್ಲಕ್ಕ, ನೀನು..." ಎಂದು ನಾನು ರೂಢಿಯಂತೆ ನಿಲ್ಲಿಸಿದೆ. ಅಕ್ಕ ಮುಗಿಸಲಿಲ್ಲ, ಕಾದಳು. ಮುಂದಿನ ಮಾತು ನನ್ನ ಹತ್ತಿರ ಇರಲೇ ಇಲ್ಲ. ಅಲ್ಲಿಯವರೆಗೆ ಅದರ ಅಗತ್ಯ ಬಿದ್ದಿರಲಿಲ್ಲ. ಇಬ್ಬರಿಗೂ ನಗು ಬಂತು.

ಆಮೇಲಿನ ಶನಿವಾರಗಳು ಬೇರೆ ಥರ ಇದ್ದವು. ಲೆಕ್ಕದಣ್ಣ ಕಥೆ ಮೇಡಂ ಜೊತೆ ವಾರ್ಡಿಗೆ ಹೋಗಿ ತಾಯಂದಿರ ಪಕ್ಕ ಕೂತು ಬಂದರು. ಡಾಕ್ಟರಿಗೆ ಲೆಕ್ಕ ಕಲಿಸುವಷ್ಟರಲ್ಲಿ ಲೆಕ್ಕದಣ್ಣನ ತಾಳ್ಮೆಯೇ ಹಾರಿಹೋಗುತ್ತಿತ್ತು. "ಬಹುಶಃ ನಿಮಗೆ ಕೂಡೋದೂ ಬರಲ್ಲ" ಎಂದುಬಿಟ್ಟರು ಒಮ್ಮೆ. ತಾಯಂದಿರ ಕುರ್ಚಿಯ ಎದುರು ಒಂದು ಪುಟ್ಟ ಹಸಿರು ದೀಪ ಇಡಬೇಕು, ನರ್ಸಿನ ಕೈಪಟ್ಟಿ ಎಚ್ಚರವಾಗಿದೆ ಎಂದು ಅವರಿಗೆ ಕಾಣಬೇಕು ಎನ್ನುವುದು ಯಾರು ಹೇಳಿದ್ದು ಎಂದು ಕೇಳಿದರೆ ನನಗೂ ಹೇಳಲಾಗದು. ಶಬ್ದ ಬೇಡ ಎಂದರು ಒಬ್ಬರು, ಕಾಣುವಂಥದ್ದು ಇರಲಿ ಎಂದರು ಇನ್ನೊಬ್ಬರು, ಕೂಸಿನ ಕಣ್ಣಿಗೆ ಬೀಳಬಾರದು ಎಂದರು ಮತ್ತೊಬ್ಬರು. ಅಕ್ಕ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು. ದೀಪ ಇಟ್ಟ ಮೇಲೆ ತಾಯಂದಿರು ಮತ್ತೆ ಕುರ್ಚಿಗೊರಗಿದರು.

ತೀರ್ಪಿನ ದಿನ ಮನೆಯವರಿಗೆ ಹಿಂದಿನ ಸಾಲಿನಲ್ಲಿ ಜಾಗ. ಮುಂದೆ ಐವರು ತೀರ್ಪುಗಾರರು. ಅಕ್ಕ ನಾಲ್ಕು ಮಾತಲ್ಲಿ ಪರಿಚಯ ಮಾಡಿಕೊಟ್ಟು ಕೂತಳು. ಕಥೆ ಮೇಡಂ ಶಬ್ದದ ಬಗ್ಗೆ ನಿಧಾನವಾಗಿ, ನಿಲ್ಲಿಸಿ ನಿಲ್ಲಿಸಿ ಹೇಳಿದರು. ಅವರು ನಿಲ್ಲಿಸಿದಾಗಲೆಲ್ಲ ಅಕ್ಕನ ಭುಜ ಒಂದಿಷ್ಟು ಮೇಲೇರಿ ಇಳಿಯುತ್ತಿತ್ತು. ಡಾಕ್ಟರು ಲೆಕ್ಕ ಹೇಳಿದರು, ಕೂಡಿದ್ದು ಸರಿಯಾಗಿತ್ತು. ಆಮೇಲೆ ಲೆಕ್ಕದಣ್ಣ ತಾಯಂದಿರ ಬಗ್ಗೆ ಹೇಳಲು ಎದ್ದರು. ಎರಡು ವಾಕ್ಯ ಹೇಳಿದರು, ನಿಂತುಬಿಟ್ಟರು.

ಸಭಾಂಗಣದಲ್ಲಿ ಯಾರೋ ಕೆಮ್ಮಿದರು. ತೀರ್ಪುಗಾರರಲ್ಲಿ ಒಬ್ಬರು ಗಡಿಯಾರ ನೋಡಿದರು. ಲೆಕ್ಕದಣ್ಣ ಬಾಯಿ ತೆರೆಯುತ್ತಿದ್ದರು, ಮಾತು ಬರುತ್ತಿರಲಿಲ್ಲ. ನನಗೆ ಅಕ್ಕನ ಬೆನ್ನು ಮಾತ್ರ ಕಾಣುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ ಬೆನ್ನು ಅದು. ಏಳುವ ಮೊದಲು ಹೇಗೆ ನೆಟ್ಟಗಾಗುತ್ತದೆ ಎಂದು ನನಗೆ ಗೊತ್ತು. ನೆಟ್ಟಗಾಯಿತು. ಎದ್ದರೆ ಎಲ್ಲ ಸಲೀಸಾಗಿ ಮುಗಿಯುತ್ತಿತ್ತು, ಅವಳಿಗೆ ಪ್ರತಿ ಅಕ್ಷರವೂ ಬಾಯಿಪಾಠ. ಅಲ್ಲಿಗೆ ತಂಡವೂ ಮುಗಿಯುತ್ತಿತ್ತು. ನಾನು ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

ಅಕ್ಕ ಏಳಲಿಲ್ಲ. ಬೆನ್ನು ಮೆಲ್ಲಗೆ ಕುರ್ಚಿಗೆ ಒರಗಿತು. ತಲೆ ಎತ್ತಿ ಲೆಕ್ಕದಣ್ಣನನ್ನು ನೋಡಿದಳು. ನಿಮಗೆ ಎಷ್ಟು ಹೊತ್ತು ಬೇಕೋ ತಗೊಳ್ಳಿ ಎನ್ನುವ ಹಾಗೆ ಒಮ್ಮೆ ತಲೆಯಾಡಿಸಿದಳು. ಅಕ್ಕ ಚಿನ್ನದ ಪದಕ ತಂದ ದಿನ ನನಗೆ ಸಂತೋಷವಾಗಿತ್ತು. ಆದರೆ ಎದೆ ಹೀಗೆ ಉಬ್ಬಿದ್ದು ನೆನಪಿಲ್ಲ.

"ಇದನ್ನ ಸಂಖ್ಯೆಯಲ್ಲಿ ಹೇಳೋಕೆ ನೋಡಿದೆ, ಆಗಲ್ಲ" ಎಂದರು ಲೆಕ್ಕದಣ್ಣ ಕೊನೆಗೆ. "ಒಬ್ಬ ತಾಯಿ ನನ್ನ ಹತ್ರ ಹೇಳಿದ್ದನ್ನೇ ಹೇಳ್ತೀನಿ. 'ಅದು ಕೂಗಿದಾಗ ನನಗೆ ಹೆದರಿಕೆ ಇಲ್ಲಣ್ಣ, ನಿಂತಾಗ ಹೆದರಿಕೆ' ಅಂದ್ರು. ನಾವು ಮೊದಲು ಮಾಡಿದ್ದು ಅದನ್ನ ನಿಲ್ಲಿಸೋ ಕೆಲಸ." ಆಮೇಲೆ ಅವರು ನಿಲ್ಲಲಿಲ್ಲ. ಒಂದು ಬಹುಶಃ ಕೂಡ ಬರಲಿಲ್ಲ.

ಎಲ್ಲ ಮುಗಿದ ಮೇಲೆ ಗಡಿಯಾರ ನೋಡಿದವರು ಅಕ್ಕನನ್ನು ಕೇಳಿದರು: "ನಾಯಕಿ ನೀವಂತೆ. ಇದರಲ್ಲಿ ನೀವು ಮಾಡಿದ್ದೇನು?"

"ಇವರನ್ನೆಲ್ಲ ಒಂದು ಕೋಣೇಲಿ ಕೂರಿಸಿದೆ ಸರ್" ಎಂದಳು ಅಕ್ಕ. "ಅದೂ ನಮ್ಮನೆ ಕೋಣೆ."

ಜನ ನಕ್ಕರು. ಬದಿಯಲ್ಲಿ ಕೂತಿದ್ದ ತರಬೇತಿಯ ಹಿರಿಯ ಮೇಡಂ ನಗಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು.

ಸಂಜೆ ಒಪ್ಪಿಗೆಯ ಮಾತು ಬಂತು, ಜೊತೆಗೆ ಕೋಣೆಯ ಬೀಗದ ಕೈ. ಮೆಟ್ಟಿಲ ಪಕ್ಕದ ಉದ್ದನೆಯ ಕೋಣೆ, ಗೋಡೆಗೆ ಸುಣ್ಣ ಬಳಿದು ವರ್ಷಗಳಾಗಿರಬೇಕು. ಒಂದು ಮೇಜು, ಮೂರು ಕುರ್ಚಿ. ಕೂಸುಗಳ ವಾರ್ಡು ಆದ ಮೇಲೆ ಯಾವ ವಾರ್ಡು ಎನ್ನುವ ಮಾತು ಬಾಗಿಲಲ್ಲೇ ಹುಟ್ಟಿತು. ಡಾಕ್ಟರು ಮುದುಕರ ವಾರ್ಡು ಎಂದರು. ಕಥೆ ಮೇಡಂ "ಅಲ್ಲಿ ಕಾಯೋರು ಯಾರು, ಮೊದಲು ಅದನ್ನ ನೋಡಿ" ಎಂದು ಕುರ್ಚಿ ಎಳೆದು ಕೂತರು. ಲೆಕ್ಕದಣ್ಣ "ಇಬ್ಬರದ್ದೂ ತಪ್ಪು" ಎಂದು ಇನ್ನೊಂದರಲ್ಲಿ ಕೂತು ಮೇಜಿನ ಧೂಳಿನ ಮೇಲೆಯೇ ಬೆರಳಿನಿಂದ ಗೆರೆ ಎಳೆಯತೊಡಗಿದರು. ಡಾಕ್ಟರು ಮೂರನೆಯ ಕುರ್ಚಿಯಲ್ಲಿ ಕೂತು, ಅಂಚಿಗೆ ಜಾರಿ ಬಂದು ಆ ಗೆರೆಯನ್ನು ಅಳಿಸಿದರು. ಮೂವರ ತಲೆಯೂ ಮೇಜಿನ ನಡುವೆ ಸೇರಿ, ಯಾರು ಏನು ಹೇಳುತ್ತಿದ್ದಾರೆ ಎಂದೇ ತಿಳಿಯದಂತಾಯಿತು.

ಅಕ್ಕ ಅವರ ಹಿಂದೆ ನಿಂತಿದ್ದಳು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಳು, ಇಣುಕಿ ನೋಡಿದಳು, ಏನೂ ಕಾಣಲಿಲ್ಲ.

"ಸ್ವಲ್ಪ ಜರುಗಿ, ನನಗೂ ಜಾಗ ಕೊಡಿ" ಎಂದಳು.

ಯಾರೂ ತಿರುಗಿ ನೋಡಲಿಲ್ಲ.