ಬೈಯದ ಬಾಯಿ

"ಬೈಯೇ ಬೋಳಿಮುಂಡೆ! ಬಾಯಿಗೇನು ಬೀಗ ಜಡ್ಕಂಡಿದೀಯ? ಬೈಯೇ ಅಂದ್ರೆ!"

ಮಾರಿಗುಡಿಯ ಮುಂದಿನ ಚಪ್ಪರದಲ್ಲಿ ಗೌಡ ಮೂರ್ತಪ್ಪ ಬರಿಮೈಯಲ್ಲಿ, ಒದ್ದೆ ಪಂಚೆ ಉಟ್ಟು, ಬೈಸಿಕೊಳ್ಳುವುದಕ್ಕೆಂದೇ ನಿಂತಿದ್ದ. ಎದುರಿಗೆ ಸಾರಮ್ಮ. ತಳವಾರ ಅವಳ ರಟ್ಟೆ ಹಿಡಿದಿದ್ದ. ಮೈಲಿಗೆ ತಾಗಬಾರದಲ್ಲ, ಅದಕ್ಕೆ ಕೈಗೆ ಟವೆಲು ಸುತ್ತಿಕೊಂಡಿದ್ದ. ಕೇರಿಯಿಂದ ಗುಡಿಯ ತನಕ ಹಾಗೇ ಎಳೆದುಕೊಂಡು ಬಂದಿದ್ದ.

"ನಾನು ಬೈಯಲ್ಲ ಗೌಡ್ರೆ," ಅಂದಳು ಸಾರಮ್ಮ. "ಹೋದ್ ವರ್ಷನೇ ಹೇಳಿದೀನಿ. ಬೈಯಾದು ಬಿಟ್ಟಿದೀನಿ."

"ಬಿಡಾಕೆ ಅದೇನು ಬೀಡೀನೇನೇ?" ಅಂದ ಪೂಜಾರಿ ಜುಂಜಯ್ಯ. ಜನ ಗೊಳ್ಳೆಂದರು.

ಮಾರಿಹಬ್ಬದ ದಿನ, ಮಾರಮ್ಮನ ಸೇವೆಯ ಆಸಾದಿಯ ಬಾಯಲ್ಲಿ ಅಮ್ಮ ಬೈಯಬೇಕು. ಅದು ಆ ಊರಿನ ಕಟ್ಟಳೆ. ವರ್ಷವಿಡೀ ಗೌಡನ ಬೀದಿಯಲ್ಲಿ ಕೆರ ಕೈಯಲ್ಲಿ ಹಿಡಿದು ನಡೆಯುವ ಮಾದಿಗರ ಕೇರಿಯ ಆಸಾದಿ, ಆ ಒಂದು ಮಧ್ಯಾಹ್ನ ಗೌಡನ ಹೆತ್ತವ್ವನಿಂದ ಹಿಡಿದು ಅವನ ಸೊಸೆಯ ತನಕ ಯಾರನ್ನು ಬೇಕಾದರೂ ಏನು ಬೇಕಾದರೂ ಅನ್ನಬಹುದು. ಮುಖಕ್ಕೆ ಉಗಿಯಬಹುದು. ಬೈಸಿಕೊಂಡವನ ಪಾಪವೆಲ್ಲ ಆ ಬೈಗುಳ, ಆ ಎಂಜಲಿನ ಜೊತೆ ತೊಳೆದುಹೋಯಿತು ಅಂತ ಲೆಕ್ಕ. ಮಾರನೇ ದಿನ ಅದೇ ಆಸಾದಿ ತಲೆಯೆತ್ತಿ ಮಾತಾಡಿದರೆ ಹಲ್ಲು ಉದುರುತ್ತಿದ್ದವು. ಎಂಥಾ ಚೆಂದದ ಕಟ್ಟಳೆ! ಪಾಪ ಮಾಡುವುದು ಗೌಡನದು, ತೊಳೆಯುವುದು ಕೇರಿಯದು. ಅವನ ಕೊಟ್ಟಿಗೆಯ ಸಗಣಿ ಬಾಚುವುದೂ ಕೇರಿಯದೇ ಅಲ್ಲವೇ.

ಗೌಡ ಕೆರ ತೆಗೆಯಲು ಕಾಲಿನ ಕಡೆ ಬಗ್ಗಿದ. ಗುಡಿಯ ಮುಂದೆ ಬರಿಗಾಲಲ್ಲಿದ್ದದ್ದು ಆಗ ನೆನಪಾಗಿ ತಳವಾರನ ಕೋಲು ಕಿತ್ತುಕೊಂಡ. ಏಟು ದವಡೆಗೆ ಬಿತ್ತು. ಸಾರಮ್ಮನ ಬಾಯಿ ತುಂಬ ರಕ್ತ ಬಂತು.

"ಉಗುಳೇ! ಅದನ್ನಾದ್ರೂ ಉಗುಳೇ, ಲೌಡಿ!" ಮುಖ ಮುಂದೆ ಚಾಚಿ ಕೂಗಿದ ಗೌಡ.

ಅವಳು ಉಗುಳಲಿಲ್ಲ. ಉಗಿದರೆ ಅದೂ ಅವನಿಗೇ ಲಾಭ. ಬಾಯಲ್ಲಿದ್ದ ರಕ್ತವನ್ನು ಅವನ ಕಣ್ಣು ನೋಡುತ್ತಲೇ ಗಟಗಟ ನುಂಗಿದಳು. ದವಡೆ ಸಿಡಿಯುತ್ತಿತ್ತು, ಕಣ್ಣಲ್ಲಿ ನೀರು ತುಂಬಿತ್ತು. ಆದರೆ ಗೌಡನ ಮೋರೆ ಬಾಡಿದ್ದು ನೋಡಿ ಹೊಟ್ಟೆಯೊಳಗೆ ತಣ್ಣಗಾಯಿತು.

ಸಾರಮ್ಮನ ಮೊದಲಿನ ಹೆಸರು ಹುಚ್ಚಕ್ಕ. ಗೌಡ ಈಗಲೂ ಹುಚ್ಚಿ ಅಂತಲೇ ಕರೆಯುತ್ತಿದ್ದ. ಅವಳ ಗಂಡ ಕರಿಯಣ್ಣ ಆಸಾದಿ ಮನೆತನದವನು. ಮಾರಿಕಣಿವೆಯ ನಾಲೆ ಗೌಡನ ಗದ್ದೆ ದಾಟಿದ ಮೇಲೆ ಕರಿಯಣ್ಣನಿಗೊಂದು ತುಂಡು ಹೊಲ ಇತ್ತು, ಸರ್ಕಾರ ಕೊಟ್ಟಿದ್ದು. ಹೊಲವೇನೋ ಸರ್ಕಾರ ಕೊಟ್ಟಿತು, ನೀರು ಕೊಡಬೇಕಾದವನು ಗೌಡ. ಭತ್ತದ ಪೈರು ಒಣಗಿ ಸುಳಿ ಕೆಂಪಾದಾಗ ಕರಿಯಣ್ಣ ಹಾಡಹಗಲಲ್ಲೇ ಹೋಗಿ ಗೌಡ ಮುಚ್ಚಿಸಿದ್ದ ತೂಬು ಎತ್ತಿಬಿಟ್ಟ. ಅವತ್ತು ಸಂಜೆ ಅವನ ಹೆಣ ನಾಲೆಯಲ್ಲಿ ತೇಲುತ್ತಿತ್ತು. ಕಾಲು ಜಾರಿ ಬಿದ್ದ ಅಂದ ಗೌಡ. ಕಾಲು ಜಾರಿ ಬಿದ್ದ ಅಂತ ಪೊಲೀಸರೂ ಬರೆದುಕೊಂಡು, ಗೌಡನ ಮನೆಯಲ್ಲಿ ಉಂಡು ಹೋದರು. ಹೆಣ ತೊಳೆದವಳು ಸಾರಮ್ಮ. ರಟ್ಟೆಗಳ ಮೇಲೆ ಹಗ್ಗದ ಬರೆ ಎದ್ದಿದ್ದವು. ಗೌಡನ ಕೊಟ್ಟಿಗೆ ಗುಡಿಸುವ ಕೇರಿಯ ದೊಡ್ಡಕ್ಕ ಸೀಗೆ ಬೇಲಿಯ ಮರೆಯಲ್ಲಿ ಅವಳ ಕಿವಿಗೆ ಬಾಯಿಟ್ಟು ನಡೆದದ್ದನ್ನೆಲ್ಲ ಹೇಳಿದ್ದಳು. ಹೇಳಿ, "ನನ್ನೆಸ್ರು ಎತ್ತಿದ್ರೆ ನನ್ನ ಮಕ್ಳು ಸಾಯ್ತಾವೆ ಕಣೇ" ಅಂತ ಅವಳ ಕಾಲು ಹಿಡಿದಿದ್ದಳು. ಪೊಲೀಸರ ಮುಂದೆ ನಾನೇನೂ ನೋಡಿಲ್ಲ ಸ್ವಾಮಿ ಅಂದವಳೂ ಆ ದೊಡ್ಡಕ್ಕನೇ.

ಗಂಡುಮಕ್ಕಳಿಲ್ಲದ್ದಕ್ಕೆ ಆಸಾದಿಯ ಪಾಳಿ ಹೆಂಡತಿಗೆ ಬಂತು. ಗಂಡ ಸತ್ತ ಮೇಲಿನ ಮೊದಲ ಮಾರಿಹಬ್ಬಕ್ಕೆ ಅವಳು ಹಟದಿಂದಲೇ ಹೋಗಿದ್ದಳು. ಅವತ್ತು ಏನು ಬೇಕಾದರೂ ಅನ್ನಬಹುದಲ್ಲ, ಅನ್ನಬೇಕಾದ್ದು ಅವಳ ಹತ್ತಿರ ಬೇಕಾದಷ್ಟಿತ್ತು. ಹಣೆಗೆ ಭಂಡಾರ ಬಳಿದುಕೊಂಡು, ಕೂದಲು ಬಿಚ್ಚಿಕೊಂಡು, ಗೌಡನ ಎದೆಯ ಮುಂದೆ ನಿಂತು, ಮುಖಕ್ಕೆ ಉಗಿದು ಕೂಗಿದಳು:

"ಲೇ ಮೂರ್ತಾ! ಹಾದರಕ್ಕುಟ್ಟಿದ ಸೂಳೆಮಗನೆ! ನನ್ನ ಗಂಡನ್ನ ಕಣದ ಮೇಟಿಗೆ ಕಟ್ಟಿ ಬಡಿದು ಕೊಂದೆಯಲ್ಲೋ! ಕೊಂದು ನಾಲೆಗೆ ಎಸೆದೆಯಲ್ಲೋ, ನಿನ್ನ ವಂಶ ಹಾಳಾಗ!"

ಊರೆಲ್ಲ ಗೌಡನ ಮೋರೆ ನೋಡಿತು. ಆಮೇಲೆ ಗೌಡ ನಕ್ಕ. ಗೌಡ ನಕ್ಕಿದ್ದೇ ತಡ, ಊರೆಲ್ಲ ನಕ್ಕಿತು. ತಮಟೆ ಜೋರಾಯಿತು. ಹುಡುಗರು ಸಿಳ್ಳೆ ಹಾಕಿದರು. ಎಲ್ಲರಿಗಿಂತ ಮುಂದೆ ಕುಂತಿದ್ದ ಒಬ್ಬ ಮುದುಕ "ಇನ್ನೊಂದ್ಸಲ ಅನ್ನೇ ತಾಯಿ!" ಅಂದ. ಗೌಡ ಮುಖದ ಮೇಲಿನ ಎಂಜಲು ಒರೆಸಿಕೊಂಡು, "ಈ ಸಲ ಅಮ್ಮ ಭಾಳ ಚೆನ್ನಾಗಿ ಬೈದ್ಲು ಕಣ್ರಲೇ, ಬೆಳೆ ಒಳ್ಳೆದಾಗ್ತೈತೆ" ಅಂದು ಅವಳ ಮಡಿಲಿಗೆ ಹೊಸ ಸೀರೆ ಎಸೆದ. ಅವಳ ಗಂಡನ ಕೊಲೆಯನ್ನು ಅವಳ ಬಾಯಿಂದಲೇ ತೊಳೆಸಿಕೊಂಡು, ಹಗುರಾಗಿ ಮನೆಗೆ ಹೋಗಿ ಹೋಳಿಗೆ ತಿಂದ.

ಸೀರೆಯನ್ನು ಅವಳು ಒಲೆಗೆ ಹಾಕಿದಳು. ಬಾಯನ್ನು ಯಾವ ಒಲೆಗೆ ಹಾಕುವುದು? ಆ ಬಾಯಿಯ ಮೇಲೆ ಅವಳಿಗೇ ಹೇಸಿಗೆ ಬಂದುಬಿಟ್ಟಿತ್ತು.

ಆ ದಿನಗಳಲ್ಲೇ ಯೇಸುಸ್ವಾಮಿಯ ಮಾತು ಹೇಳುವ ಉಪದೇಶಿ ಸಮುವೇಲಪ್ಪ ಸೈಕಲ್ ಮೇಲೆ ಕೇರಿಗೆ ಬರಲು ಶುರು ಮಾಡಿದ್ದು. ಬಡಪಾಯಿ ಮನುಷ್ಯ, ತೇಪೆ ಹಾಕಿದ ಕೋಟು, ಎಲ್ಲರನ್ನೂ ಅಮ್ಮಾ ಅಪ್ಪಾ ಅನ್ನುವವನು. ಒಂದು ಸಂಜೆ ಅವನು, "ನಿನ್ನ ಮೈ ಯಾರ ಜೀತಕ್ಕಾದರೂ ಇರಲಿ, ನಿನ್ನ ಆತ್ಮ ಯಾರ ಜೀತಕ್ಕೂ ಇಲ್ಲಮ್ಮ. ಅದರ ಕ್ರಯ ಕೊಟ್ಟಾಗಿದೆ, ಬಿಡಿಸಿಕೊಂಡಾಗಿದೆ" ಅಂದ. ಉಳಿದವರಿಗೆ ಅದು ಕೇಳಲು ಚೆನ್ನಾಗಿತ್ತು, ಅಷ್ಟೆ. ಸಾರಮ್ಮ ಮಾತ್ರ ಮನೆಗೆ ಹೋಗಿ ನಿದ್ದೆ ಮಾಡಲಿಲ್ಲ. ಆತ್ಮ ಜೀತಕ್ಕಿಲ್ಲ ಅಂದಮೇಲೆ ನಾಲಿಗೆ ಯಾಕೆ ಜೀತಕ್ಕಿರಬೇಕು ಅಂತ ಅವಳಿಗೆ ಅನಿಸಿತು. ಮಾರಿಕಣಿವೆಯ ಹಿನ್ನೀರಿನಲ್ಲಿ ಮುಳುಗಿ ಎದ್ದು ಸಾರಮ್ಮ ಆದಳು. ಕೇರಿಯ ಕೆಲವು ಮನೆಗಳೂ ಅವಳ ಹಿಂದೆ ಬಂದವು, ದೊಡ್ಡಕ್ಕನೂ ಬಂದಳು. ಮುಂದಿನ ಮಾರಿಹಬ್ಬಕ್ಕೆ ಸಾರಮ್ಮ ಹೋಗಲಿಲ್ಲ. ಅದರ ಮುಂದಿನದಕ್ಕೆ, ಅಂದರೆ ಎಮರ್ಜೆನ್ಸಿ ಬಂದ ವರ್ಷ, ತಳವಾರ ಎಳೆದುಕೊಂಡು ಹೋದದ್ದು.

ಅಷ್ಟರಲ್ಲಿ ಗೌಡನ ಸೊಸೆಗೆ ಎರಡು ಬಾರಿ ಬಸಿರು ಇಳಿದಿತ್ತು. "ಆಸಾದಿ ಬೈಲಿಲ್ಲ, ನಿಮ್ಮ ಮೇಲಿಂದು ನಿಮ್ಮ ಮೇಲೇ ಐತೆ ಗೌಡ್ರೆ" ಅಂತ ಜುಂಜಯ್ಯ ಕಿವಿಯೂದಿದ. ಬೇರೆ ಊರಿನ ಆಸಾದಿಯನ್ನು ಕರೆಸಿ ಬೈಸಿದರು. ಆಗುವುದಿಲ್ಲವಂತೆ, ಊರಿನ ಪಾಪಕ್ಕೆ ಊರಿನ ಬಾಯೇ ಬೇಕಂತೆ. ಗೌಡ ಸೊರಗಿದ. ಉಣ್ಣುವಾಗ ಬೆಚ್ಚುತ್ತಿದ್ದನಂತೆ, ನಾಲೆಯ ಏರಿಯ ಮೇಲೆ ಒಬ್ಬನೇ ನಡೆಯುತ್ತಿರಲಿಲ್ಲವಂತೆ. ಸಾರಮ್ಮ ಆ ಹುಡುಗಿಗಾಗಿ ಅಯ್ಯೋ ಅಂದಳು, ಅದು ಯಾರಿಗೂ ಕೆಟ್ಟದ್ದು ಮಾಡಿದ ಮಗುವಲ್ಲ. ಆದರೆ ಗೌಡ ಬೆಚ್ಚುತ್ತಾನೆ ಅಂತ ಕೇಳಿದ ದಿನ ಎರಡು ಮುದ್ದೆ ಜಾಸ್ತಿ ಉಂಡಳು. ಪ್ರಾರ್ಥನೆಯಲ್ಲಿ ಮೊಣಕಾಲೂರಿ, "ಸ್ವಾಮಿ, ಆ ಹೆಣ ಅವ್ನ ಹೆಗಲ ಮೇಲಿಂದ ಇಳಿಸಬ್ಯಾಡಪ್ಪ" ಅಂತಲೇ ಬೇಡಿದಳು.

ಗುಡಿಯ ಮುಂದೆ ಅವಳು ಬೈಯದೆ ಹೋದ ಮೇಲೆ ಗೌಡ ಕೇರಿಯ ಯಾರನ್ನೂ ಕೂಲಿಗೆ ಕರೆಯುವುದು ಬಿಟ್ಟ. ದೊಡ್ಡಕ್ಕನೊಬ್ಬಳನ್ನು ಕೊಟ್ಟಿಗೆಗೆ ಇಟ್ಟುಕೊಂಡ, ಕಣ್ಣಳತೆಯಲ್ಲಿರಲಿ ಅಂತ. ಸಾರಮ್ಮ ಬಬ್ಬೂರಿನ ಫಾರಂಗೆ ಕಳೆ ಕೀಳಲು ನಡೆದು ಹೋಗುತ್ತಿದ್ದಳು. ಎಲ್ಲರಿಗೂ ಅಲ್ಲಿ ಕೆಲಸ ಸಿಗುತ್ತದೆಯೇ? ನಿನ್ನೊಬ್ಬಳ ಹಟಕ್ಕೆ ನಮ್ಮ ಒಲೆ ಆರಿತು ಅಂತ ಕೇರಿಯವರೇ ಗೊಣಗತೊಡಗಿದರು.

ಒಂದು ಸಂಜೆ ಸಮುವೇಲಪ್ಪ ಬಂದು ಅವಳ ಜಗುಲಿಯ ಮೇಲೆ ಕುಂತ.

"ಸಾರಮ್ಮ, ಗೌಡರು ಕರೆಸಿದ್ರು. ಮನುಷ್ಯ ಕುಗ್ಗಿ ಹೋಗಿದಾರೆ. ಬೈಯೋದು ಬೇಡವಂತೆ. ಭಾನುವಾರ ಆರಾಧನೆಗೇ ಬರ್ತಾರಂತೆ. ಎಲ್ಲರ ಮುಂದೆ ಕ್ಷಮಿಸಿದೀನಿ ಅಂತ ನೀನು ಒಂದು ಮಾತು ಅಂದ್ರೆ ಸಾಕಂತೆ. ನಮ್ಮ ದೇವಾಲಯಕ್ಕೆ ರಸ್ತೆ ಬದಿ ಜಾಗ ಕೊಡ್ತಾರೆ. ಕೇರಿಗೆ ಕೂಲಿ ಕೊಡ್ತಾರೆ."

"ಏನು ಮಾಡಿದ್ದಕ್ಕಂತೆ ಕ್ಷಮಿಸಾದು?"

"ಅಂದ್ರೆ?"

"ತಾನೇನು ಮಾಡ್ದೆ ಅಂತ ಬಾಯಿಬಿಟ್ನಾ?"

ಸಮುವೇಲಪ್ಪ ಕೋಟಿನ ಗುಂಡಿ ತಿರುವಿದ. "ಏನಾದ್ರೂ ತಪ್ಪಾಗಿದ್ರೆ ಅಂದ್ರು."

"ಆಗಿದ್ರೆ!" ಸಾರಮ್ಮ ನಕ್ಕಳು. ನಗುವಾಗ ದವಡೆ ಇನ್ನೂ ನೋಯುತ್ತಿತ್ತು.

"ಯೇಸುಸ್ವಾಮಿ ಶಿಲುಬೆಯ ಮೇಲಿಂದಲೇ ತನ್ನ ಕೊಂದವರನ್ನ ಕ್ಷಮಿಸಲಿಲ್ಲವೇನಮ್ಮ?"

"ಕ್ಷಮಿಸ್ದ, ಇಲ್ಲಾಂದಿಲ್ಲ. ಆದ್ರೆ ಯೇಸಪ್ಪನ್ನ ಗುಡ್ಡದ ಮೇಲೆ ಎಲ್ರ ಕಣ್ಣೆದ್ರಿಗೆ ಕೊಂದ್ರು ಅಂತ ನೀವೇ ಹೇಳಿದ್ರಿ ಅಯ್ನೋರೆ. ಅವ್ನು ಕಾಲು ಜಾರಿ ಬಿದ್ದು ಸತ್ತ ಅಂತ ಯಾರೂ ಅನ್ನಲಿಲ್ವಲ್ಲ! ನನ್ನ ಗಂಡ ಇನ್ನೂ ಜಾರಿ ಬಿದ್ದೇ ಸತ್ತಾನೆ. ಜಾರಿ ಬಿದ್ದು ಸತ್ರೆ ನಾನು ಯಾರನ್ನ ಕ್ಷಮಿಸ್ಲಿ, ನಾಲೇನಾ?"

ಸಮುವೇಲಪ್ಪ ಕೇರಿಯ ಮನೆಗಳ ಕಡೆ ನೋಡಿದ. "ಮಕ್ಕಳು ಹಸಿದಾವಮ್ಮ" ಅಂದ. ಅದು ಸುಳ್ಳಾಗಿರಲಿಲ್ಲ. ಸಾರಮ್ಮನಿಗೆ ಅವನ ಮೇಲೆ ಸಿಟ್ಟೂ ಬಂತು, ಕರುಣೆಯೂ ಬಂತು.

"ಬರ್ಲಿ ಬಿಡ್ರಿ ಭಾನುವಾರ," ಅಂದಳು.

ಪ್ರಾರ್ಥನೆಯ ಗುಡಿಸಲಿಗೆ ಗೌಡ ಬಂದ. ಹುಟ್ಟಿದಂದಿನಿಂದ ಕೇರಿಯೊಳಗೆ ಕಾಲಿಟ್ಟವನಲ್ಲ. ತಳವಾರ ಮನೆಯಿಂದಲೇ ಕುರ್ಚಿ ಹೊತ್ತು ತಂದು ಹಾಕಿ, ಬೇಲಿಯಾಚೆ ಹೋಗಿ ನಿಂತ. ಚಾಪೆಯ ಮೇಲೆ ಕುಂತವರ ತಲೆಗಳಿಗಿಂತ ಎತ್ತರಕ್ಕೆ, ಕಾಲಲ್ಲಿ ಕೆರ ಮೆಟ್ಟಿಕೊಂಡೇ, ಗೌಡ ಕುರ್ಚಿಯಲ್ಲಿ ಕುಂತ. ಸಮುವೇಲಪ್ಪ ಪ್ರಾರ್ಥನೆ ಮುಗಿಸಿ ಸಾರಮ್ಮನ ಕಡೆ ನೋಡಿದ. ಅವಳು ಎದ್ದು ನಿಂತಳು.

"ನೋಡೇ ಹುಚ್ಚಿ," ಅಂದ ಗೌಡ. ದನಿ ಮೆತ್ತಗಿತ್ತು. "ಏನಾದ್ರೂ ತಪ್ಪಾಗಿದ್ರೆ ಹೊಟ್ಟೆಗಾಕ್ಕ. ಕ್ಷಮಿಸಿದೀನಿ ಅಂದ್ಬಿಡು, ನಂಗೂ ನೆಮ್ದಿ, ನಿಂಗೂ ನೆಮ್ದಿ."

"ಗೌಡ್ರೆ, ಅಮ್ಮನ ಹೆಸ್ರಾಗೆ ಅಂದಿದ್ದು ನಿಮ್ಗೆ ಬೈಗುಳ ಆತು. ಇವತ್ತು ಬೈಯಲ್ಲ. ನನ್ನ ಬಾಯಾಗೆ, ನಾನೇ ಹೇಳ್ತೀನಿ, ಕೇಳ್ರಿ," ಅಂದಳು ಸಾರಮ್ಮ.

ಅವಳು ದನಿ ಎತ್ತಲಿಲ್ಲ. ಸಂತೆಯಿಂದ ಬಂದವಳು ಸಂತೆಯ ಸುದ್ದಿ ಹೇಳುವ ಹಾಗೆ ಹೇಳಿದಳು.

"ನನ್ನ ಗಂಡ ಕರಿಯಣ್ಣ ನಡುಮಧ್ಯಾಹ್ನ ತೂಬು ಎತ್ತಿ ನಮ್ಮ ಮಡಿಗೆ ನೀರು ಬಿಟ್ಕಂಡ. ನೀವು ಆಳು ಕಳ್ಸಿ ನಿಮ್ಮ ಕಣಕ್ಕೆ ಎಳಸ್ಕಂಡು ಹೋದ್ರಿ. ಮೇಟಿ ಕಂಬಕ್ಕೆ ಕಟ್ಟಿಸಿದ್ರಿ. ಆಳುಗಳು ಹಿಂದೆ ಸರಿದ್ರು, ನಿಮ್ಮ ಕೈಯಾರೆ ನೀವೇ ಹೊಡದ್ರಿ. ಅವ್ನು ಕುಡಿಯಾಕೆ ನೀರು ಕೇಳ್ದ. ನೀರಿನ ಆಸೆಗೇ ಬಂದೆಯಲ್ಲೋ, ಕುಡಿಸ್ತೀನಿ ಅಂದ್ರಿ. ಉಸ್ರು ನಿಂತ್ಮೇಲೆ ನಾಲೆಗೆ ಹಾಕಿಸಿದ್ರಿ. ಇಷ್ಟೇ ನಾನು ಹೇಳಾದು."

ಗೌಡ ನಕ್ಕ. ಅದು ಅವನ ರೂಢಿ. ಆ ಮಾತು ಕೇಳಿದಾಗ ತಾನು ನಗಬೇಕು, ತಾನು ನಕ್ಕರೆ ಊರು ನಗುತ್ತದೆ. ಒಬ್ಬರೂ ನಗಲಿಲ್ಲ. ಗೌಡ ಇನ್ನೊಮ್ಮೆ ನಗಲು ನೋಡಿದ, ಕೆಮ್ಮು ಬಂತು. ಸಮುವೇಲಪ್ಪ ಗಾಬರಿಬಿದ್ದು ಕೀರ್ತನೆಯೊಂದನ್ನು ಗಟ್ಟಿಯಾಗಿ ಎತ್ತಿಕೊಂಡ. ಯಾರೂ ದನಿಗೂಡಿಸಲಿಲ್ಲ. ಅವನೂ ಅರ್ಧಕ್ಕೇ ನಿಲ್ಲಿಸಿ ತಲೆ ತಗ್ಗಿಸಿದ.

"ಕ್ಷಮಿಸಾದು ಬಿಡಾದು ನಂಗೂ ನನ್ನ ದೇವ್ರಿಗೂ ಬಿಟ್ಟಿದ್ದು," ಅಂದಳು ಸಾರಮ್ಮ. "ಅದನ್ನ ಹೆಗಲ ಮೇಲೆ ಟವೆಲು ಹಾಕ್ಕಂಡು ಬಂದು ಎತ್ಕಂಡು ಹೋಗಾಕೆ ಅದು ನಿಮ್ಮ ಗದ್ದೆ ಹುಲ್ಲಲ್ಲ. ಠಾಣೆಗೆ ಹೋಗಿ, ನಾನೇ ಕೊಂದೆ ಅನ್ರಿ. ಆಮೇಲೆ ಬರ್ರಿ, ನೋಡಾಣ."

ಗೌಡ ದಿಗ್ಗನೆ ಎದ್ದ. ಕುರ್ಚಿ ಹಿಂದಕ್ಕೆ ಉರುಳಿತು.

"ಯಾವೋಳೇ ನೋಡಿರಾದು? ಯಾವ ಮಿಂಡ್ರಿಗುಟ್ಟಿದ ನನ್ಮಗ ನೋಡಿದಾನೆ? ನನ್ನ ಮುಂದೆ ನಿಂತು ಹೇಳ್ಲಿ! ಈ ಕೇರಿಗೇ ಬೆಂಕಿ ಇಡ್ತೀನಿ!"

ಸಾರಮ್ಮ ಯಾರ ಕಡೆಗೂ ನೋಡಲಿಲ್ಲ. ನೋಡಿದರೆ ಕೊಟ್ಟ ಮಾತು ಮುರಿದಂತಾಗುತ್ತದೆ ಅಂತ ನೆಲವನ್ನೇ ನೋಡುತ್ತ ನಿಂತಳು. ಹಿಂದುಗಡೆ, ಬಾಗಿಲ ಹತ್ತಿರ, ಯಾರೋ ಏಳುವಾಗ ಚಾಪೆ ಸರಕ್ಕಂದಿತು.

"ನಾನು ನೋಡಿದೀನಿ," ಅಂದಳು ದೊಡ್ಡಕ್ಕ. "ಸತ್ತಿರಾ ಮಾದಿಗನ್ನ ಮುಟ್ಟಾಕೆ ನಿಮ್ಮ ಆಳುಗಳು ಒಪ್ಪಲಿಲ್ಲ ಗೌಡ್ರೆ, ಅದ್ಕೇ ನನ್ನ ಕೊಟ್ಟಿಗೆಯಿಂದ ಕರೆಸಿದ್ರಿ. ಮೇಟಿಯಿಂದ ಹಗ್ಗ ಬಿಚ್ಚಿದೋಳು ನಾನೇ. ನಾಲೆ ತನಕ ಎಳೆದೋಳೂ ನಾನೇ."

ಗೌಡ ಹೊರಗೆ ಹೋಗಲು ತಿರುಗಿದ. ಇದ್ದ ಒಂದೇ ಬಾಗಿಲಲ್ಲಿ ದೊಡ್ಡಕ್ಕ ನಿಂತಿದ್ದಳು. ಅವಳನ್ನು ಮುಟ್ಟದೆ ದಾಟಲು ಅಲ್ಲಿ ಜಾಗವಿರಲಿಲ್ಲ.